ಸದ್ದು ಎಲ್ಲೈತಿ?

ಕಳೆದ ಸಲ ಇನ್ವರ್ಟರ್ ಬ್ಯಾಟರಿಗೆ ನೀರು ಹಾಕೋದರ ಬಗ್ಗೆ ಬರೆದಿದ್ದೆ. ಈ ಸಲ ಕಾರಿನ ಹೊಟ್ಟೆ ಕೆಳಗೆ ಹೋಗೋಣ ಬನ್ನಿ.

ದಾವಣಗೆರೆಯಲ್ಲಿ ಅಪ್ಪನ ಹತ್ತಿರ 2008ರ ಒಂದು ಪೆಟ್ರೋಲ್ ಕಾರಿದೆ. 15 ವರ್ಷ ತುಂಬಿದಾಗ ಮಾರಿಬಿಡಿ ಅಂತ ಎಲ್ಲರೂ ಹೇಳಿದರು. ಅಪ್ಪ ಕೇಳಲಿಲ್ಲ. ಆರ್‌ಟಿಒಗೆ ಹೋಗಿ, ಗಾಡಿ ತೋರಿಸಿ, ಮತ್ತೆ 5 ವರ್ಷಕ್ಕೆ ರಿಜಿಸ್ಟ್ರೇಶನ್ ರಿನ್ಯೂ ಮಾಡಿಸಿಕೊಂಡು ಬಂದರು. ಹರಿಹರದಲ್ಲಿರೋ ಅಕ್ಕನ ಮನೆಗೆ ವಾರಕ್ಕೆರಡು ಸಲ ಅಮ್ಮನನ್ನು ಕರ್ಕೊಂಡು ಹೋಗಿ ಬರೋದು, ಇಷ್ಟೇ ಅದರ ಕೆಲಸ. ಅಪ್ಪನಿಗೆ ಮಾತ್ರ ಅದು ಬರೀ ಕಾರಲ್ಲ.

ಎರಡು ತಿಂಗಳ ಹಿಂದೆ ಒಂದು ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಬಸ್ ಹತ್ತಿದೆ. ಬೆಳಿಗ್ಗೆ ಅಪ್ಪ ಬಸ್ ಸ್ಟ್ಯಾಂಡಿಗೆ ಕಾರು ತಂದಿದ್ದರು. ಹೊರಟು ಎರಡನೇ ಗೇರ್‌ಗೆ ಬೀಳುವ ಮುಂಚೆ ಕೆಳಗಿನಿಂದ ‘ಝರ್ರ್ರ್’ ಅಂತ ಸದ್ದು. ತಗಡಿನ ಡಬ್ಬಿಯ ಮುಚ್ಚಳ ನಡುಗಿದ ಹಾಗೆ.

“ಅಪ್ಪ, ಏನಿದು ಸದ್ದು?”

“ಎಲ್ಲೈತಿ ಸದ್ದು?”

“ಈಗ ಬಂತಲ್ಲ, ಇದೇ!”

“ಗಾಡಿ ಅಂದ್ಮೇಲೆ ಸದ್ದು ಇರ್ತತಿ. ಸುಮ್ನಿರಪ್ಪ.”

ನಮ್ಮ ಆಫೀಸಿನಲ್ಲಿ ಟೆಸ್ಟರ್ ಒಂದು ಬಗ್ ಹಾಕಿದರೆ ಡೆವಲಪರ್ ‘ನನ್ನ ಮಷೀನ್‌ನಲ್ಲಿ ಬರ್ತಿಲ್ಲ’ ಅಂತ ಮುಚ್ಚಿಬಿಡ್ತಾನಲ್ಲ, ಥೇಟ್ ಹಾಗೇ ಇತ್ತು. ಅಪ್ಪನದು ಹಟ ಅಂದುಕೊಂಡೆ. ದಾರಿಯಲ್ಲಿ ಲಾರಿ ದಾಟಿಸಿ ಲೇನ್ ಬದಲಿಸಿದ ಮೇಲೂ ಇಂಡಿಕೇಟರ್ ಟಿಕ್ ಟಿಕ್ ಅಂತಲೇ ಇತ್ತು. ನಾನೇ ಕೈ ಹಾಕಿ ಆಫ್ ಮಾಡಿದೆ.

ಹತ್ತು ಗಂಟೆಗೆ ಒಂದು ಗ್ಯಾರೇಜಿಗೆ ಹೋದೆವು. ಹುಡುಗ ಎರಡು ಸಲ ಆಕ್ಸಿಲರೇಟರ್ ಒತ್ತಿ, “ಕ್ಯಾಟಲಿಟಿಕ್ ಕನ್ವರ್ಟರ್ ಹೋಗೈತಿ ಸರ್, ಪೂರ್ತಿ ಎಕ್ಸಾಸ್ಟ್ ಚೇಂಜ್ ಮಾಡ್ಬೇಕು” ಅಂದ. 26 ಸಾವಿರ. ಕೆಳಗೆ ಬಗ್ಗಿ ಕೂಡ ನೋಡಿರಲಿಲ್ಲ.

ಆಚೆ ಬಂದ ಮೇಲೆ ಅಪ್ಪ ಮೆಲ್ಲಗೆ, “ಹಂಗಾದ್ರೆ ಕೊಟ್ಟುಬಿಡಾಣ ಬಿಡು” ಅಂದರು. ರಿನ್ಯೂ ಮಾಡಿಸೋಕೆ ಅಷ್ಟು ಓಡಾಡಿದ ಮನುಷ್ಯ ಒಂದೇ ಮಾತಿಗೆ ಕೊಟ್ಟುಬಿಡೋಣ ಅಂದದ್ದು ನನಗೆ ಸರಿ ಅನಿಸಲಿಲ್ಲ. “ಮೊದಲು ಸದ್ದು ಎಲ್ಲಿಂದ ಅಂತ ನೋಡೋಣ, ಆಮೇಲೆ ಮಾತು” ಅಂದೆ.

ಮೊದಲು ಕೇಳಿ, ಆಮೇಲೆ ಬಿಚ್ಚಿ

ಎಕ್ಸಾಸ್ಟ್ ಅಂದ್ರೆ ಹಿಂದೆ ಕಾಣೋ ಸೈಲೆನ್ಸರ್ ಅಷ್ಟೇ ಅಲ್ಲ. ಎಂಜಿನ್ ಪಕ್ಕದ ಮ್ಯಾನಿಫೋಲ್ಡ್‌ನಿಂದ ಶುರುವಾಗಿ ಕ್ಯಾಟಲಿಟಿಕ್ ಕನ್ವರ್ಟರ್, ಉದ್ದನೆ ಪೈಪು, ಸೈಲೆನ್ಸರ್, ಕೊನೆಗೆ ಹೊಗೆ ಬರೋ ಬಾಯಿ. ಇಡೀ ಸರಮಾಲೆಯನ್ನು ರಬ್ಬರ್ ಹ್ಯಾಂಗರ್‌ಗಳು ಹಿಡಿದಿರುತ್ತವೆ. ಬಿಸಿ ಜಾಸ್ತಿ ಇರೋ ಕಡೆ ತೆಳು ತಗಡಿನ ಹೀಟ್ ಶೀಲ್ಡ್ ಹೊದಿಸಿರುತ್ತಾರೆ.

ಒಂದೊಂದು ಸದ್ದಿಗೆ ಒಂದೊಂದು ಗುಣ ಇದೆ:

ಹಂಪ್ ಮೇಲೆ ಹೋದಾಗ ಮಾತ್ರ ‘ಧಡ್’ ಅಂದರೆ ರಬ್ಬರ್ ಹ್ಯಾಂಗರ್ ಹರಿದಿರಬಹುದು.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ‘ಟಿಕ್ ಟಿಕ್’ ಅಥವಾ ‘ಪಫ್ ಪಫ್’ ಬಂದು, ಬಿಸಿಯಾದ ಮೇಲೆ ಕಡಿಮೆಯಾದರೆ ಎಲ್ಲೋ ಜಾಯಿಂಟ್ ಲೀಕ್. ಅಲ್ಲಿ ಕಪ್ಪು ಮಸಿ ಕಾಣುತ್ತೆ. ಇದನ್ನು ಮುಂದೂಡಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಒಳಗೆ ಬಂದರೆ ಗೊತ್ತೇ ಆಗಲ್ಲ.

ತಣ್ಣಗಿದ್ದಾಗ ಕನ್ವರ್ಟರನ್ನು ರಬ್ಬರ್ ಸುತ್ತಿಗೆಯಿಂದ ತಟ್ಟಿದರೆ ಒಳಗೆ ಕಲ್ಲು ಉರುಳಿದ ಹಾಗೆ ಕೇಳಿದರೆ, ಒಳಗಿನ ಸೆರಾಮಿಕ್ ಒಡೆದಿದೆ. ಆಗ ದೊಡ್ಡ ಖರ್ಚು ನಿಜ.

ಒಂದೇ ಒಂದು ಆರ್‌ಪಿಎಂನಲ್ಲಿ ‘ಝರ್’ ಅಂತ ಬಂದು, ಅದಕ್ಕಿಂತ ಮೇಲೆ ಕೆಳಗೆ ಮಾಯವಾದರೆ ಮೊದಲ ಅನುಮಾನ ಹೀಟ್ ಶೀಲ್ಡ್ ಮೇಲೆ. ನಾಲ್ಕು ಸಿಲಿಂಡರ್ ಎಂಜಿನ್ 1800 ಆರ್‌ಪಿಎಂನಲ್ಲಿ ಸೆಕೆಂಡಿಗೆ 60 ಸಲ ಫೈರ್ ಆಗುತ್ತೆ. ಸಡಿಲವಾದ ತಗಡಿಗೆ ಆ ತಾಳ ಕೂಡಿಬಂದರೆ ನಡುಗೋಕೆ ಶುರು. ತಾಳ ತಪ್ಪಿದರೆ ಸುಮ್ಮನಾಗುತ್ತೆ.

ಕಾರು ತಣ್ಣಗಾಗಲಿ ಅಂತ ಮಧ್ಯಾಹ್ನದವರೆಗೆ ಕಾದೆವು. ಓಡಿಸಿದ ಕಾರಿನ ಕನ್ವರ್ಟರ್ ಮುಟ್ಟಿದರೆ ಕೈಯ ಚರ್ಮ ಅಲ್ಲೇ ಉಳಿಯುತ್ತೆ. ಆಮೇಲೆ ತಟ್ಟಿ ನೋಡಿದೆ. ಕಲ್ಲು ಉರುಳುವ ಸದ್ದಿಲ್ಲ. ಹ್ಯಾಂಗರ್‌ಗಳು ಗಟ್ಟಿ. ಮಸಿಯೂ ಇಲ್ಲ. ಉಳಿದದ್ದು ಶೀಲ್ಡ್. ಆದರೆ ನಮ್ಮ ಕಾರಿನಲ್ಲಿ ಮೂರು ಶೀಲ್ಡ್ ಇವೆ. ಯಾವುದು?

ಅದಕ್ಕೆ ಎಂಜಿನ್ ಓಡುತ್ತಿರಬೇಕು. ಕಾರು ನೆಲದ ಮೇಲೇ ಇತ್ತು, ಜಾಕ್ ಇಲ್ಲ, ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಬಯಲು ಜಾಗ. ಅಪ್ಪನನ್ನು ಸ್ಟೇರಿಂಗ್ ಮುಂದೆ ಕೂರಿಸಿದೆ. ನಾನು ಪಕ್ಕದಲ್ಲಿ ಚಾಪೆ ಹಾಸಿ ಮಲಗಿ, ಕಸಬರಿಗೆಯ ಉದ್ದನೆ ಮರದ ಹಿಡಿಕೆ ಒಳಗೆ ಚಾಚಿದೆ. ಶೀಲ್ಡ್ ಒತ್ತಿದಾಗ ಸದ್ದು ನಿಂತರೆ ಅದೇ ಅಪರಾಧಿ.

“ಅಪ್ಪ, ನಿಧಾನಕ್ಕೆ ಒತ್ತಿ. ಸದ್ದು ಬಂದ ಕಡೆ ಹಿಡಿದಿಟ್ಟುಕೊಳ್ಳಿ.”

ಎಂಜಿನ್ ಏರಿತು. ‘ಝರ್ರ್’ ಬಂತು, ಹೋಯಿತು. ಅಪ್ಪ ನಿಲ್ಲಿಸಲಿಲ್ಲ. 2500, 3000 ದಾಟಿರಬೇಕು.

“ಅಯ್ಯೋ, ದಾಟಿಹೋಯ್ತು! ಮತ್ತೆ.”

ಮತ್ತೆ ಏರಿತು. ಮತ್ತೆ ದಾಟಿತು. ಮೂರನೇ ಸಲ ಕಿಟಕಿಯಿಂದ ತಲೆ ಹೊರಗೆ ಹಾಕಿ ಅಪ್ಪ ಕೇಳಿದರು, “ಈಗ ಬಂತಾ?”

ನಾಲ್ಕನೇ ಸಲವೂ ಅದನ್ನೇ ಕೇಳಿದರು. “ಬಂತಾ?”

ಚಾಪೆ ಮೇಲೆ ಮಲಗಿದ್ದವನು ಎದ್ದು ಕೂತೆ. ಅಪ್ಪನಿಗೆ ಆ ಸದ್ದು ಕೇಳಿಸುತ್ತಲೇ ಇರಲಿಲ್ಲ. ಇಡೀ ಬೀದಿಗೆ ಕೇಳೋ ಸದ್ದು.

ಕೈಗೆ ಗೊತ್ತಿದ್ದದ್ದು

ಅಪ್ಪ 16 ವರ್ಷ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವರು, ಅದೂ ಮಗ್ಗದ ಶೆಡ್‌ನಲ್ಲಿ. ಲಾಳಿ ಹೊಡೆಯೋ ಹಳೇ ಮಗ್ಗಗಳ ಸಾಲು ಅಂದರೆ ಪಕ್ಕದವರ ಮಾತು ಕೇಳಲ್ಲ, ತುಟಿ ನೋಡಿಯೇ ಅರ್ಥ ಮಾಡಿಕೊಳ್ಳಬೇಕು. ಆಗ ಕಿವಿಗೆ ಯಾರೂ ಏನೂ ಹಾಕಿಕೊಳ್ಳುತ್ತಿರಲಿಲ್ಲವಂತೆ. ವರ್ಷಗಟ್ಟಲೆ ಅಂಥ ಸದ್ದಲ್ಲಿದ್ದರೆ ಕಿವಿ ಮೊದಲು ಕಳೆದುಕೊಳ್ಳುವುದು 4000 ಹರ್ಟ್ಸ್ ಆಸುಪಾಸಿನ ತೀಕ್ಷ್ಣ ಸದ್ದುಗಳನ್ನು. ಎಂಜಿನ್ನಿನ ಗುಡುಗು ಕೇಳುತ್ತೆ, ತಗಡಿನ ಝರ್ ಕೇಳಲ್ಲ. ಮಾತು ಕೇಳುತ್ತೆ, ‘ಸ’, ‘ಶ’, ‘ಚ’ ತಪ್ಪಿಹೋಗುತ್ತೆ.

ನಾನು ಏನೂ ಹೇಳಲಿಲ್ಲ. “ಅಪ್ಪ, ಜಾಗ ಬದಲಾಯಿಸೋಣ, ನೀವು ಕೋಲು ಹಿಡೀರಿ” ಅಂದೆ.

ನಾನು ಸೀಟಲ್ಲಿ ಕೂತು 1800ರಲ್ಲಿ ನಿಲ್ಲಿಸಿದೆ. ಅಪ್ಪ ಚಾಪೆ ಮೇಲೆ ಮಲಗಿ ಕೋಲು ಚಾಚಿದರು. ಮೊದಲ ಶೀಲ್ಡ್, ಇಲ್ಲ. ಎರಡನೆಯದಕ್ಕೆ ಕೋಲು ತಾಗಿಸಿದರು ಅಷ್ಟೇ, ಇನ್ನೂ ಒತ್ತಿರಲಿಲ್ಲ, ನಾನಿನ್ನೂ ಏನೂ ಹೇಳಿರಲಿಲ್ಲ.

“ಇದೇ ನೋಡು. ಕೈಗೆ ಜುಮ್ ಅಂತು.”

ಒತ್ತಿದರು. ಸದ್ದು ನಿಂತಿತು. ಬಿಟ್ಟರು, ಬಂತು.

“ಮಗ್ಗದಾಗೂ ಹಿಂಗೇ. ಆ ಗದ್ದಲದಾಗ ಬೇರಿಂಗ್ ಹೋದ್ರೆ ಕಿವಿಗೆಲ್ಲಿ ತಿಳೀತತಿ? ಅಂಗೈ ಇಟ್ಟು ನೋಡೋದು.”

180 ರೂಪಾಯಿಯ ರಿಪೇರಿ

ಎಂಜಿನ್ ಆಫ್ ಮಾಡಿ, ಟೀ ಕುಡಿದು, ಮತ್ತೆ ತಣ್ಣಗಾದ ಮೇಲೆ ಪಕ್ಕದ ಬೀದಿಯಿಂದ ಎರಡು ಜಾಕ್ ಸ್ಟ್ಯಾಂಡ್ ತಂದೆವು. ಬರೀ ಜಾಕ್ ನಂಬಿ ಯಾವತ್ತೂ ಕಾರಿನ ಕೆಳಗೆ ಹೋಗಬೇಡಿ. ಸಮತಟ್ಟು ನೆಲ, ಹಿಂದಿನ ಚಕ್ರಕ್ಕೆ ಕಲ್ಲು, ಸ್ಟ್ಯಾಂಡ್ ಮೇಲೆ ಭಾರ ಕೂತ ಮೇಲೆ ಒಂದು ಸಲ ಅಲ್ಲಾಡಿಸಿ ನೋಡಿ, ಆಮೇಲೆ ಕೆಳಗೆ.

ಶೀಲ್ಡ್‌ನ ಎರಡು ಬೋಲ್ಟ್‌ಗಳಲ್ಲಿ ಒಂದು ತುಕ್ಕು ಹಿಡಿದು ತಲೆಯೇ ಉದುರಿತ್ತು. ಇನ್ನೊಂದರ ತೂತು ತುಕ್ಕು ತಿಂದು ದೊಡ್ಡದಾಗಿತ್ತು. ಕಿತ್ತು ಬಿಸಾಕಿದರೆ ಸದ್ದು ಹೋಗುತ್ತೆ, ಆದರೆ ಹಾಗೆ ಮಾಡಬಾರದು. ಆ ತಗಡು ಇರೋದೇ ಮೇಲಿನ ವೈರು, ಪೈಪು, ಕಾರ್ಪೆಟ್‌ಗೆ ಬಿಸಿ ತಾಗದಿರಲಿ, ಒಣಹುಲ್ಲಿನ ಮೇಲೆ ನಿಲ್ಲಿಸಿದರೆ ಬೆಂಕಿ ಹತ್ತದಿರಲಿ ಅಂತ. ಪ್ಲಾಸ್ಟಿಕ್ ಟೈ ಹಾಕಿದರೆ ಮೊದಲ ಟ್ರಿಪ್‌ನಲ್ಲೇ ಕರಗುತ್ತೆ.

ಹಾರ್ಡ್‌ವೇರ್ ಅಂಗಡಿಯಿಂದ ಎರಡು ದೊಡ್ಡ ಸ್ಟೇನ್‌ಲೆಸ್ ಸ್ಟೀಲ್ ಹೋಸ್ ಕ್ಲಾಂಪ್, ಒಂದು ಅಗಲ ವಾಷರ್ ತಂದೆ. ಎಲ್ಲ ಸೇರಿ 180 ರೂಪಾಯಿ. ತೂತು ದೊಡ್ಡದಾಗಿದ್ದ ಕಡೆ ವಾಷರ್ ಹಾಕಿ ಬೋಲ್ಟ್ ಬಿಗಿದೆವು. ಆಮೇಲೆ ಶೀಲ್ಡ್ ಮತ್ತು ಪೈಪ್ ಎರಡನ್ನೂ ಸುತ್ತಿ ಎರಡೂ ತುದಿಗೆ ಕ್ಲಾಂಪ್. ಮುಕ್ಕಾಲು ಗಂಟೆ ಕೆಲಸ. ಸ್ಟಾರ್ಟ್ ಮಾಡಿದೆ. 1500, 1800, 2200. ಸದ್ದಿಲ್ಲ.

“ಹೋಯ್ತಾ?” ಅಂದರು ಅಪ್ಪ. ನನ್ನ ಮುಖ ನೋಡಿ.

“ಹೋಯ್ತು.”

ಸಂಜೆ ಮಂಡಕ್ಕಿ ಮಿರ್ಚಿ ಹರಡಿಕೊಂಡು ಕೂತಾಗ ಅಮ್ಮನಿಗೆ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. “ವಾಷಿಂಗ್ ಮಷೀನ್ ಬೀಪ್ ಹೊಡೀತಿದ್ರೂ ಎದ್ದು ಹೋಗಲ್ಲ ಅಂತ ಎಷ್ಟು ಬೈದೀನೋ” ಅಂದರು. ಅಪ್ಪ ಮಿರ್ಚಿ ಮುರಿಯುತ್ತಾ, “ನಂಗೂ ಗೊತ್ತಿತ್ತು ಬಿಡು. ಹೇಳಿದ್ರೆ ಗಾಡಿ ಬಿಡಿಸ್ತೀರಿ ಅಂತ ಸುಮ್ನಿದ್ದೆ” ಅಂದರು. ಬೆಳಿಗ್ಗೆ ‘ಕೊಟ್ಟುಬಿಡಾಣ’ ಅಂದದ್ದು 26 ಸಾವಿರದ ಮಾತಲ್ಲ ಅಂತ ಆಗ ಗೊತ್ತಾಯ್ತು.

ನನಗೆ ಉತ್ತರ ಹೊಳೆಯಲಿಲ್ಲ. ತುಕ್ಕು ಹಿಡಿದ ಬೋಲ್ಟ್ ಹುಡುಕೋಕೆ ಅರ್ಧ ದಿನ ಕೊಟ್ಟವನು, ಅಪ್ಪ ಫೋನಲ್ಲಿ ಎರಡೆರಡು ಸಲ “ಏನಂದೆ?” ಅಂದಾಗೆಲ್ಲ ನೆಟ್‌ವರ್ಕ್ ಬೈದು ಇಟ್ಟುಬಿಡುತ್ತಿದ್ದೆ.

ಮುಂದಿನ ತಿಂಗಳು ಕಿವಿ ಪರೀಕ್ಷೆ ಮಾಡಿಸಿದೆವು. ಗ್ರಾಫ್‌ನಲ್ಲಿ 4000 ಹರ್ಟ್ಸ್ ಹತ್ತಿರ ಗೆರೆ ಗುಂಡಿಗೆ ಬಿದ್ದ ಹಾಗೆ ಇಳಿದಿತ್ತು. ಹಿಯರಿಂಗ್ ಏಡ್ ಬಂತು. ಹಾಕಿಕೊಂಡು ಮೊದಲ ಸಲ ಕಾರು ಹತ್ತಿದ ಅಪ್ಪ ಇಂಡಿಕೇಟರ್ ಹಾಕಿ, ಆಫ್ ಮಾಡಿ, ಮತ್ತೆ ಹಾಕಿ, “ಇದು ಟಿಕ್ ಟಿಕ್ ಅಂತತಲ್ಲಲೇ!” ಅಂದರು.

ನಿಮ್ಮ ಮನೆಯ ಹಳೇ ಕಾರು ಝರ್ ಅಂತಿದ್ದರೆ ಪೂರ್ತಿ ಎಕ್ಸಾಸ್ಟ್ ಬದಲಿಸುವ ಮುಂಚೆ ಒಂದು ಮರದ ಕೋಲು ಹಿಡಿದು ನೋಡಿ. ಜೊತೆಗೆ ಮನೆಯ ಹಿರಿಯರನ್ನು ಕೂರಿಸಿಕೊಂಡು, ಸದ್ದು ಅವರಿಗೂ ಕೇಳುತ್ತಾ ಅಂತ ಕೇಳಿ. ಕ್ಲಾಂಪ್ ಹಾಕಿದವರು 500 ಕಿಲೋಮೀಟರ್ ಆದ ಮೇಲೆ ಒಮ್ಮೆ ಬಿಗಿ ಮಾಡಿ, ಬಿಸಿಗೆ ಸಡಿಲವಾಗಿರುತ್ತೆ.

ಇದನ್ನೇ ನೆನಪಿಸೋಕೆ ನಿನ್ನೆ ಅಪ್ಪನಿಗೆ ಫೋನ್ ಮಾಡಿದ್ದೆ. “ಕ್ಲಾಂಪ್ ಟೈಟ್ ಮಾಡಿದ್ರಾ?”

“ಏನು?”

“ಕ್ಲಾಂಪ್!”

ಹಿಂದಿನಿಂದ ಅಮ್ಮನ ದನಿ: “ಮಷೀನು ಡಬ್ಬೀಲಿ ಐತಿ ಕಣೋ. ಕಾರು ಹತ್ತುವಾಗ ಮಾತ್ರ ಹಾಕ್ಕೊಂತಾರೆ.”