ಹಿಂದೆ ಬರುವವರ ನೆನಪು



ಕಳೆದ ಮಾರ್ಗಶಿರ ಮಾಸದಲ್ಲಿ ಹೊಳೆನರಸೀಪುರದ ತಾಯಿಯೊಬ್ಬರು ತಮ್ಮ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಆ ಹುಡುಗಿ, ಹಾಸನ, ಅರಕಲಗೂಡು ಮತ್ತು ಚನ್ನರಾಯಪಟ್ಟಣಗಳ ನೆಂಟರ ಮನೆಯ ಮೂವರು ಹುಡುಗರೊಡನೆ ಸಕಲೇಶಪುರದ ಬೆಟ್ಟಸಾಲಿನಲ್ಲಿ ಮೂರು ದಿನ ಸೈಕಲ್ ತುಳಿಯಲು ಹೊರಟಿದ್ದಳು. ದಾರಿ ಬಲ್ಲವರು ಜೊತೆಯಲ್ಲಿ ಬಂದು, ಊಟ ವಸತಿಗಳ ಏರ್ಪಾಡು ಮಾಡಿ, ಅದಕ್ಕೆ ತಕ್ಕ ಹಣ ಪಡೆಯುವ ಪ್ರವಾಸ ಅದು.

"ದುಡ್ಡು ಕೊಟ್ಟು ಯಾರಾದರೂ ಬೆಟ್ಟದಲ್ಲಿ ಸೈಕಲ್ ತುಳಿಯುತ್ತಾರೆಯೇ ಶಾಸ್ತ್ರಿಗಳೇ? ಇವಳ ತಾತ ಸಂತೆಗೆ ಸೈಕಲ್ ತುಳಿದೂ ತುಳಿದೂ ಮೊಣಕಾಲು ಕಳೆದುಕೊಂಡರು. ನೀವೇ ಒಂದು ಮಾತು ಹೇಳಿ ನಿಲ್ಲಿಸಿ" ಎಂದು ಆ ತಾಯಿ ಕೇಳಿಕೊಂಡರು. ಮಗಳು ನಕ್ಕು, "ಸಾಮಾನು ಹೊರುವ ಜೀಪು ನಮ್ಮ ಹಿಂದೆಯೇ ಬರುತ್ತದೆ. ಶಾಸ್ತ್ರಿ ತಾತ ಅದರಲ್ಲಿ ಕುಳಿತು ಬರಲಿ, ಆಗ ಕಳಿಸುತ್ತೀಯಾ?" ಎಂದಳು. ನಿಲ್ಲಿಸಬೇಕಾಗಿದ್ದವನು ಹೀಗೆ ಜೊತೆಗೆ ಹೊರಡಬೇಕಾಯಿತು.

ಬೆಟ್ಟಕ್ಕೆ ಹೋಗುವುದು ನಮ್ಮ ಸಮಾಜಕ್ಕೆ ಹೊಸತಲ್ಲ. ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲದ ಗಿರಿಗೆ ನಡೆದುಹೋದ ಕಥೆಯನ್ನು ಕೇಳಿಯೇ ನಾವೆಲ್ಲರೂ ಬೆಳೆದಿದ್ದೇವೆ. ಉತ್ತರ ಕರ್ನಾಟಕದ ಸಹಸ್ರಾರು ಭಕ್ತರು ಇಂದಿಗೂ ಯುಗಾದಿಗೆ ಮುನ್ನ ಕಂಬಿ ಹೊತ್ತು ಶ್ರೀಶೈಲಕ್ಕೆ ಪಾದಯಾತ್ರೆ ಮಾಡುತ್ತಾರೆ. ನಮ್ಮ ಜಿಲ್ಲೆಯಲ್ಲಿಯೇ ಅರಸೀಕೆರೆ ತಾಲ್ಲೂಕಿನ ಜೇನುಕಲ್ಲು ಸಿದ್ಧೇಶ್ವರನ ಬೆಟ್ಟವನ್ನು ಹುಣ್ಣಿಮೆಯ ದಿನ ಹತ್ತುವವರೆಷ್ಟೋ ಮಂದಿ. ಆದರೆ ಅವೆಲ್ಲ ದೇವರಿರುವ ಬೆಟ್ಟಗಳು. ಗುಡಿಯಿಲ್ಲದ ಬೆಟ್ಟಕ್ಕೆ, ಅದೂ ಸೈಕಲ್ ಏರಿ ಏಕೆ ಹೋಗಬೇಕೆಂಬ ಪ್ರಶ್ನೆ ಆ ತಾಯಿಯದಷ್ಟೇ ಆಗಿರಲಿಲ್ಲ, ನನ್ನದೂ ಆಗಿತ್ತು.

ಈ ಸೈಕಲ್ಲುಗಳು ನಾವು ಬಾಡಿಗೆ ಅಂಗಡಿಯಿಂದ ಗಂಟೆಯ ಲೆಕ್ಕದಲ್ಲಿ ತಂದು ಕಲಿತಂಥವಲ್ಲ. ದಪ್ಪ ಟಯರು, ಅದರ ಮೈತುಂಬ ಮುಳ್ಳುಮುಳ್ಳಾದ ಉಬ್ಬು, ಕುಲುಕಾಟ ತಡೆಯುವ ಮುಂದಿನ ಕವೆ, ಏರಿಗೊಂದು ಇಳಿಜಾರಿಗೊಂದು ಎಂದು ಬದಲಿಸಿಕೊಳ್ಳುವ ಗೇರು, ಒದ್ದೆಯಲ್ಲಿಯೂ ಹಿಡಿಯುವ ಡಿಸ್ಕ್ ಬ್ರೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1970ರ ದಶಕದ ಕೆಲವು ಯುವಕರು ಹಳೆಯ ಸೈಕಲ್ಲುಗಳನ್ನು ತಿದ್ದಿ ಬೆಟ್ಟದ ಮಣ್ಣುದಾರಿಯಲ್ಲಿ ಇಳಿಸತೊಡಗಿದ್ದರಿಂದ ಈ ಬಗೆಯ ವಾಹನ ಹುಟ್ಟಿತು; 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಅದು ಸ್ಪರ್ಧೆಯ ವಿಷಯವೂ ಆಯಿತು. ನಮ್ಮ ಕಡೆ ಟಾರು ರಸ್ತೆಯ ಸೈಕಲ್ ಯಾತ್ರೆಗೆ 2008ರಲ್ಲಿ ಆರಂಭವಾದ ‘ಟೂರ್ ಆಫ್ ನೀಲಗಿರೀಸ್’ ಹೆಸರು ತಂದಿತು. ಅನಂತರದ ವರ್ಷಗಳಲ್ಲಿ ಮಲೆನಾಡಿನ ಮಣ್ಣುದಾರಿಗಳಿಗೂ ಸೈಕಲ್ ಸವಾರರು ಬರತೊಡಗಿದರು.

ಹಾಸನದಿಂದ ಸಕಲೇಶಪುರಕ್ಕೆ ಸುಮಾರು 40 ಕಿಲೋಮೀಟರು. ಇಷ್ಟು ಅಂತರದಲ್ಲಿ ರಾಗಿ, ಆಲೂಗಡ್ಡೆಗಳ ಬಯಲು ಮುಗಿದು ಕಾಫಿ, ಮೆಣಸು, ಏಲಕ್ಕಿಗಳ ಸೀಮೆ ತೊಡಗುತ್ತದೆ. ಮಳೆ ಹಿಂದೆಗೆದು ಜಿಗಣೆಯ ಕಾಟ ಕಡಿಮೆಯಾಗಿತ್ತು. ಕಾಫಿ ಕೊಯ್ಲಿನ ಕಾಲವಾದುದರಿಂದ ದಾರಿಯಲ್ಲೆಲ್ಲ ಕೂಲಿಯವರ ಓಡಾಟವಿತ್ತು. 1792ರಲ್ಲಿ ಟಿಪ್ಪು ಸುಲ್ತಾನ ಎಂಟು ಮೂಲೆಯ ನಕ್ಷತ್ರದಂತೆ ಕಟ್ಟಿಸಿದ ಮಂಜರಾಬಾದ್ ಕೋಟೆಯನ್ನು ನೋಡಿ, ತೋಟದ ಯಜಮಾನರ ಅನುಮತಿ ಪಡೆದಿದ್ದ ಮಣ್ಣುದಾರಿಗಳಲ್ಲಿ ಸೈಕಲ್ಲುಗಳು ಹೊರಟವು.

ಮಾರ್ಗದರ್ಶಕರು ಇಬ್ಬರು, ಇಬ್ಬರೂ ಆ ಸೀಮೆಯವರೇ. ಒಬ್ಬ ಎಲ್ಲರಿಗಿಂತ ಮುಂದೆ ಹೋಗುವವನು, ಇನ್ನೊಬ್ಬ ಎಲ್ಲರಿಗಿಂತ ಹಿಂದೆ ಬರುವವನು. ಹೊರಡುವ ಮುನ್ನ ಪ್ರತಿಯೊಂದು ಸೈಕಲ್ಲಿನ ಗಾಳಿ, ಬ್ರೇಕು, ಸರಪಳಿಗಳನ್ನು ಪರೀಕ್ಷಿಸಿದರು. ಇಳಿಜಾರಿನಲ್ಲಿ ಪೆಡಲುಗಳನ್ನು ಸಮಮಟ್ಟದಲ್ಲಿಟ್ಟು ಮೈಭಾರವನ್ನು ಹಿಂದಕ್ಕೆ ಹಾಕಬೇಕು, ಮುಂದಿನ ಬ್ರೇಕನ್ನು ಒಮ್ಮೆಲೇ ಒತ್ತಬಾರದು, ಒಬ್ಬರಿಗೊಬ್ಬರು ಅಂತರ ಬಿಡಬೇಕು ಎಂದು ತಿಳಿಸಿದರು. ಕೊನೆಯಲ್ಲಿ ಮುಂದಿನವನು ಹೇಳಿದ ಕಟ್ಟಳೆ ಇದು: "ದಾರಿ ಕವಲೊಡೆಯುವ ಕಡೆಯಲ್ಲೆಲ್ಲ ನಾನು ನಿಲ್ಲುತ್ತೇನೆ. ಕೊನೆಯವರು ಬಂದು ಸೇರುವವರೆಗೆ ಯಾರೂ ಮುಂದಕ್ಕೆ ಹೋಗುವ ಹಾಗಿಲ್ಲ."

ಮೊದಲ ದಿನ ಕೊನೆಯವಳು ಹೊಳೆನರಸೀಪುರದ ಹುಡುಗಿಯೇ. ಏರಿನಲ್ಲಿ ಅವಳ ಏದುಸಿರು ಜೀಪಿನವರೆಗೆ ಕೇಳುತ್ತಿತ್ತು. ಅವಳ ತಾಯಿಗೆ ಕೊಟ್ಟ ಮಾತು ನನ್ನ ತಲೆಯಲ್ಲಿತ್ತು. "ಸಾಕು ಮಗು, ಜೀಪು ಹತ್ತು" ಎಂದು ಎರಡು ಸಲ ಕೂಗಿದೆ. ಹಿಂದಿನ ಮಾರ್ಗದರ್ಶಕ ಸೈಕಲ್ಲಿನಿಂದ ಇಳಿದು ನನ್ನ ಬಳಿ ಬಂದು ಮೆಲ್ಲಗೆ ಹೇಳಿದ: "ತಾತ, ಅವರಾಗಿ ಕೇಳಿದರೆ ಹತ್ತಿಸೋಣ. ಕೇಳುವುದಕ್ಕೆ ಮೊದಲೇ ನಾವು ಕರೆದರೆ, ತಮ್ಮ ಕೈಲಿ ಆಗುವುದಿಲ್ಲ ಎಂದು ಅವರು ತಿಳಿದುಕೊಂಡುಬಿಡುತ್ತಾರೆ." ಆಮೇಲೆ ತಾನೂ ಸೈಕಲ್ ಏರದೆ ಅವಳ ಪಕ್ಕದಲ್ಲಿಯೇ ತಳ್ಳಿಕೊಂಡು ನಡೆದ. ಏರಿನ ತುದಿಯಲ್ಲಿ ಉಳಿದ ಮೂವರು ಕಾದು ನಿಂತಿದ್ದರು. ನಾನು ಆ ದಿನ ಮತ್ತೆ ಬಾಯಿ ತೆರೆಯಲಿಲ್ಲ.

ಸಂಜೆ ಒಂದು ಹಳ್ಳದ ಬಳಿ ಚನ್ನರಾಯಪಟ್ಟಣದ ಹುಡುಗ ಕೆಸರು ಮೆತ್ತಿದ ಸೈಕಲ್ಲನ್ನು ನೀರಿಗಿಳಿಸಿ ತೊಳೆಯಲು ಹೋದ. ಮುಂದಿನವನು ತಡೆದ. "ಸರಪಳಿಯ ಎಣ್ಣೆ ನೀರಿಗೆ ಸೇರುತ್ತದೆ ಅಣ್ಣ. ಈ ಹಳ್ಳ ಹೇಮಾವತಿಗೆ ಹೋಗುವುದು. ನಿಮ್ಮ ಊರು ಯಾವುದು?" ಎಂದು ಕೇಳಿದ. ನಾಲ್ವರೂ ತಂತಮ್ಮ ಊರು ಹೇಳಿದರು. ಆತ ನಕ್ಕುಬಿಟ್ಟ. ಆ ನಗೆಯ ಅರ್ಥ ನಮ್ಮ ಓದುಗರಿಗೆ ಆಗಲೇ ಹೊಳೆದಿರಬಹುದು. ಹೇಮಾವತಿಗೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣವಾಯಿತು. ಹಾಸನ ಕುಡಿಯುವುದು ಆ ನೀರನ್ನು. ಎಡದಂಡೆಯ ನಾಲೆ ಚನ್ನರಾಯಪಟ್ಟಣದ ಕಡೆಗೆ, ಬಲದಂಡೆಯ ನಾಲೆಗಳು ಅರಕಲಗೂಡು, ಹೊಳೆನರಸೀಪುರಗಳ ಕಡೆಗೆ ಹೋಗುತ್ತವೆ. ಹೊಳೆನರಸೀಪುರವಂತೂ ಹೊಳೆಯ ದಡದಲ್ಲಿಯೇ ಇದೆ. ನಾಲ್ಕು ಊರಿನ ಮಕ್ಕಳು ತಮ್ಮ ನಾಲ್ಕು ಊರಿಗೂ ಹೋಗುವ ನೀರಿನ ಮುಂದೆ ನಿಂತಿದ್ದರು. ಸೈಕಲ್ಲನ್ನು ಬಕೆಟ್ಟಿನ ನೀರಿನಿಂದ ದೂರದಲ್ಲಿ ತೊಳೆದದ್ದಾಯಿತು.

ಎರಡನೆಯ ದಿನ ಹೆತ್ತೂರು, ಕೂಡುರಸ್ತೆಗಳ ಮೇಲೆ ಬಿಸಿಲೆಯತ್ತ ಹೊರಟೆವು. ಬಿಸಿಲೆಯ ಅಂಚಿನಿಂದ ಕುಮಾರಪರ್ವತ ಮೊದಲಾದ ಗಿರಿಗಳು ಒಂದರ ಹಿಂದೊಂದು ಕಾಣುತ್ತವೆ. ಯುನೆಸ್ಕೋ ಸಂಸ್ಥೆಯು 2012ರಲ್ಲಿ ಪಶ್ಚಿಮಘಟ್ಟದ 39 ತಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆ ಕುಮಾರಪರ್ವತವನ್ನೊಳಗೊಂಡ ಪುಷ್ಪಗಿರಿ ವನ್ಯಧಾಮವೂ ಅವುಗಳಲ್ಲಿ ಒಂದು. ಅದನ್ನು ನೋಡಬೇಕೆಂಬುದೇ ಹುಡುಗರ ಮುಖ್ಯ ಹಂಬಲ.

ಇನ್ನೂ ಕೆಲವು ಕಿಲೋಮೀಟರು ಉಳಿದಿರುವಾಗ ಮುಂದಿನವನು ಕೈ ಮೇಲೆತ್ತಿ ನಿಲ್ಲಿಸಿದ. ಆನೆಗಳು ಎಲ್ಲಿವೆಯೆಂಬುದನ್ನು ಅರಣ್ಯ ಇಲಾಖೆಯವರು ಮೊಬೈಲ್ ಸಂದೇಶಗಳ ಮೂಲಕ ತಿಳಿಸುವ ಏರ್ಪಾಡು ನಮ್ಮ ಜಿಲ್ಲೆಯಲ್ಲಿದೆ. ಮುಂದಿನ ತೋಟದಲ್ಲಿ ಮರಿಗಳೊಂದಿಗೆ ಒಂದು ಹಿಂಡು ಇಳಿದಿದೆಯೆಂದು ಸುದ್ದಿ ಬಂದಿತ್ತು. ಆತ ಸೈಕಲ್ಲನ್ನು ಹಿಂದಕ್ಕೆ ತಿರುಗಿಸಿದ.

ಅರಕಲಗೂಡಿನ ಹುಡುಗನಿಗೆ ತಡೆಯಲಾಗಲಿಲ್ಲ. "ಇಷ್ಟು ದೂರ ಬಂದಿದ್ದೇವೆ, ದುಡ್ಡು ಕೊಟ್ಟಿದ್ದೇವೆ. ಸದ್ದು ಮಾಡದೆ ದಾಟಿಬಿಡೋಣ. ಏನಾದರೂ ಆದರೆ ಅದು ನಮ್ಮ ಹೊಣೆ" ಎಂದ.

ಆ ಮಾರ್ಗದರ್ಶಕ ಸಿಟ್ಟಾಗಲಿಲ್ಲ. "ನಿಮಗೆ ಏನೂ ಆಗದೇ ಇರಬಹುದು ಅಣ್ಣ. ಸೈಕಲ್ ವೇಗವಾಗಿ ಹೋಗುತ್ತದೆ, ಹಿಂದೆ ಜೀಪೂ ಇದೆ. ಆದರೆ ನೀವು ಗಾಬರಿ ಮಾಡಿ ಹೋದ ಆನೆ ಅಲ್ಲೇ ಉಳಿಯುತ್ತದಲ್ಲ? ನಾಳೆ ಬೆಳಿಗ್ಗೆ ಕಾಫಿ ಕೊಯ್ಯುವುದಕ್ಕೆ ಅದೇ ದಾರಿಯಲ್ಲಿ ಬುತ್ತಿ ಹಿಡಿದುಕೊಂಡು ನಡೆದು ಬರುವವರು ನಮ್ಮೂರ ಹೆಂಗಸರು. ಅವರ ಹೊಣೆ ಯಾರದು?" ಎಂದು ಕೇಳಿದ.

ಯಾರೂ ಉತ್ತರಿಸಲಿಲ್ಲ. ಸಕಲೇಶಪುರ, ಆಲೂರು ತಾಲ್ಲೂಕುಗಳಲ್ಲಿ ಆನೆ ಮತ್ತು ಮನುಷ್ಯರ ನಡುವಣ ಸಂಕಟ ದಶಕಗಳದ್ದು. ಎಷ್ಟೋ ಬಡ ಕೂಲಿಕಾರರು ಕೆಲಸಕ್ಕೆ ಹೋಗುವ, ಕೆಲಸದಿಂದ ಬರುವ ದಾರಿಯಲ್ಲಿಯೇ ಜೀವ ಕಳೆದುಕೊಂಡಿದ್ದಾರೆ, ಆನೆಗಳೂ ಸತ್ತಿವೆ. ಮೈಸೂರು ದಸರೆಯಲ್ಲಿ ಎಂಟು ಬಾರಿ ಚಿನ್ನದ ಅಂಬಾರಿ ಹೊತ್ತ ಅರ್ಜುನ, ಕಾಡಾನೆಯನ್ನು ಹಿಡಿಯುವ ಕಾರ್ಯಾಚರಣೆಯಲ್ಲಿ 2023ರ ಡಿಸೆಂಬರ್ 4ರಂದು ಪ್ರಾಣ ಬಿಟ್ಟದ್ದು ಇದೇ ತಾಲ್ಲೂಕಿನ ಯಸಳೂರು ವಲಯದಲ್ಲಿ. ಅವನನ್ನು ಮಣ್ಣು ಮಾಡಿದ್ದೂ ಅಲ್ಲಿಯೇ. ಇಂಥ ನೆಲದಲ್ಲಿ ಮೂರು ದಿನದ ಅತಿಥಿಯೊಬ್ಬನು "ನನ್ನ ಹೊಣೆ" ಎಂದು ಹೇಳಿದರೆ ಆ ಮಾತಿಗೆ ತೂಕವೆಷ್ಟು? ತಾನು ಎಬ್ಬಿಸಿದ ಅಪಾಯವನ್ನು ಎದುರಿಸಲು ಅವನು ಮಾರನೆಯ ದಿನ ಅಲ್ಲಿರುವುದಿಲ್ಲ.

ಆ ರಾತ್ರಿ ತಂಗಿದ್ದ ಮನೆಯ ಜಗಲಿಯಲ್ಲಿ ಹುಡುಗರು ಮುಖ ಇಳಿಬಿಟ್ಟು ಕುಳಿತಿದ್ದರು. ನನಗೆ ಮಠದಲ್ಲಿ ಓದುತ್ತಿದ್ದ ದಿನಗಳು ನೆನಪಾದವು. ದಾಸೋಹದ ಕೊನೆಯ ಪಂಕ್ತಿ ಎದ್ದ ಮೇಲೂ ನಮ್ಮ ಅಡುಗೆಯ ಅಜ್ಜ ಒಂದು ಪಾತ್ರೆ ಅನ್ನ, ಒಂದು ಪಾತ್ರೆ ಸಾರನ್ನು ಮುಚ್ಚಿಟ್ಟೇ ಒಲೆ ಆರಿಸುತ್ತಿದ್ದರು. ಹಸಿದ ಹುಡುಗರಾದ ನಾವು ಆ ಪಾತ್ರೆಯ ಮೇಲೆ ಕಣ್ಣಿಟ್ಟು, "ಇಷ್ಟು ಹೊತ್ತಿನಲ್ಲಿ ಇನ್ನು ಯಾರು ಬರುತ್ತಾರೆ ಅಜ್ಜ?" ಎಂದು ಕೇಳಿದರೆ, "ಯಾರೆಂದು ಗೊತ್ತಿದ್ದರೆ ಮುಚ್ಚಿಡಬೇಕಾಗಿಯೇ ಇರಲಿಲ್ಲ" ಎನ್ನುತ್ತಿದ್ದರು. ಎಷ್ಟೋ ರಾತ್ರಿ ಯಾರೂ ಬರುತ್ತಿರಲಿಲ್ಲ. ಪಾತ್ರೆಯನ್ನು ಮುಚ್ಚಿಡುವುದು ಮಾತ್ರ ಒಂದು ದಿನವೂ ತಪ್ಪಲಿಲ್ಲ. ದಾಸೋಹವೆಂಬ ಪದಕ್ಕೆ ಆಮೇಲೆ ನಾನು ಅನೇಕ ವ್ಯಾಖ್ಯಾನಗಳನ್ನು ಓದಿದ್ದೇನೆ, ಬರೆದೂ ಇದ್ದೇನೆ. ನನಗೆ ಅದರ ಮೊದಲ ಪಾಠವಾದದ್ದು ಆ ಪಾತ್ರೆಯಿಂದ. ಇದನ್ನು ಹುಡುಗರಿಗೆ ಹೇಳಿದೆ. ಅರಕಲಗೂಡಿನ ಹುಡುಗ ಬಹಳ ಹೊತ್ತು ಸುಮ್ಮನಿದ್ದು, ಎದ್ದು ಹೋಗಿ ಮಾರ್ಗದರ್ಶಕನ ಪಕ್ಕದಲ್ಲಿ ಕುಳಿತು ಅವನ ಊರಿನ ಸಮಾಚಾರ ಕೇಳತೊಡಗಿದ.

ಮೂರನೆಯ ದಿನ ಆನೆಗಳು ಬೇರೆ ಕಡೆಗೆ ಸರಿದಿದ್ದವು. ಮಂಕನಹಳ್ಳಿಯ ಸಮೀಪ ‘ರಿಡ್ಜ್’ ಎಂದು ಕರೆಯುವ ಏಣಿನ ಮೇಲೆ ನೀರು ಇಬ್ಭಾಗವಾಗುವುದನ್ನು ತಿಳಿಸುವ ಒಂದು ಕಲ್ಲಿದೆ. ಅದರ ಪೂರ್ವಕ್ಕೆ ಬಿದ್ದ ಮಳೆ ಹೇಮಾವತಿಯ ಪಾಲು. ಕಾವೇರಿಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ಘಟ್ಟವಿಳಿದು ನೇತ್ರಾವತಿಯ ಮೂಲಕ ಅರಬ್ಬಿ ಸಮುದ್ರಕ್ಕೆ. ಮೂವರು ಹುಡುಗರು ಮೊದಲು ತಲುಪಿದರೂ ಕಲ್ಲಿನ ಬಳಿಗೆ ಹೋಗದೆ ರಸ್ತೆಯ ಬದಿಯಲ್ಲಿ ನಿಂತಿದ್ದರು. ಹುಡುಗಿ ಕೊನೆಯ ಏರನ್ನು ಇಳಿಯದೆ ತುಳಿದುಕೊಂಡೇ ಬಂದಳು. ನಾಲ್ವರೂ ಒಟ್ಟಿಗೆ ಹೋಗಿ ಕಲ್ಲನ್ನು ಮುಟ್ಟಿದರು. ಹಾಗೆ ಕಾಯಬೇಕೆಂದು ಆ ದಿನ ಅವರಿಗೆ ಯಾರೂ ಹೇಳಿರಲಿಲ್ಲ.

ಗುಡಿಯಿಲ್ಲದ ಬೆಟ್ಟಕ್ಕೆ ಏಕೆ ಹೋಗಬೇಕೆಂಬ ನನ್ನ ಪ್ರಶ್ನೆಗೆ ಅಲ್ಲಿ ಒಂದು ಉತ್ತರ ದೊರೆಯಿತು. ನಮ್ಮ ಹಿಂದೆ ಯಾರಿದ್ದಾರೆ, ನಮ್ಮ ಕೆಳಗೆ ಯಾರಿದ್ದಾರೆ ಎಂಬುದು ಬಯಲಿನಲ್ಲಿ ನಮಗೆ ಕಾಣುವುದಿಲ್ಲ. ಬೆಟ್ಟದಲ್ಲಿ ಅದು ಕಣ್ಣಿಗೆ ಕಾಣುತ್ತದೆ. ಕಂಡರೂ ನೋಡದವರು ಇದ್ದೇ ಇರುತ್ತಾರೆ. 2024ರ ಜನವರಿಯ ಕೊನೆಯಲ್ಲಿ ಕುಮಾರಪರ್ವತದ ಕಾಲುದಾರಿಯಲ್ಲಿ ಸಾವಿರಾರು ಜನ ಒಮ್ಮೆಲೇ ನೆರೆದು, ಸರಕಾರ ಚಾರಣವನ್ನೇ ನಿಲ್ಲಿಸಬೇಕಾಯಿತು. ಬಳಿಕ ಮುಂಗಡ ನೋಂದಣಿಯನ್ನೂ ದಿನಕ್ಕೆ 300 ಮಂದಿಯ ಮಿತಿಯನ್ನೂ ತಂದರು. ತನ್ನ ಹಿಂದೆಯೂ ಜನರಿದ್ದಾರೆಂಬುದನ್ನು ಮರೆತ ಕಡೆ ಕಾನೂನು ಬಂದು ನೆನಪಿಸಬೇಕಾಗುತ್ತದೆ.

ಆದುದರಿಂದ ಮಕ್ಕಳು ಇಂಥ ಪ್ರವಾಸಕ್ಕೆ ಹೊರಟಾಗ ತಾಯಿತಂದೆಗಳು ಕಣ್ಣುಮುಚ್ಚಿ ಬೇಡವೆನ್ನಬಾರದು, ಕಣ್ಣುಮುಚ್ಚಿ ಹೂಂ ಎನ್ನಲೂಬಾರದು. ಕರೆದುಕೊಂಡು ಹೋಗುವವರನ್ನು ಕೆಲವು ಪ್ರಶ್ನೆ ಕೇಳಬೇಕು. ಮಾರ್ಗದರ್ಶಕರು ಆ ಸೀಮೆಯವರೇ? ಕಾಡಿನ ದಾರಿಗೆ ಇಲಾಖೆಯ ಒಪ್ಪಿಗೆ, ತೋಟದ ದಾರಿಗೆ ಯಜಮಾನರ ಒಪ್ಪಿಗೆ ಇದೆಯೇ? ಆನೆಗಳ ಸುದ್ದಿ ಯಾರಿಂದ ಪಡೆಯುತ್ತೀರಿ? ಸಂಜೆ ಎಷ್ಟು ಹೊತ್ತಿಗೆ ಸವಾರಿ ನಿಲ್ಲಿಸುತ್ತೀರಿ? ಪ್ರಥಮ ಚಿಕಿತ್ಸೆ ಬಲ್ಲವರು ಯಾರು? ಎಲ್ಲಕ್ಕಿಂತ ಮೊದಲು, ಗುಂಪಿನ ಕೊನೆಯಲ್ಲಿ ಬರುವವರು ಯಾರು?

ಹಿಂದಿರುಗುವಾಗ ಹುಡುಗಿಯನ್ನು ಹೊಳೆನರಸೀಪುರದ ಮನೆಗೆ ತಲುಪಿಸಿದೆ. ಕೆಸರಾದ ಬಟ್ಟೆ, ತರಚಿದ ಮೊಣಕೈ ನೋಡಿ ತಾಯಿ ಲೊಚಗುಟ್ಟಿದರು. "ಅಷ್ಟು ಕಷ್ಟಪಟ್ಟು ಹೋಗಿ ಏನು ನೋಡಿ ಬಂದೆ?" ಎಂದು ಕೇಳಿದರು. ಅವಳು ನಲ್ಲಿಯಿಂದ ಒಂದು ಲೋಟ ನೀರು ಹಿಡಿದು ಕುಡಿದು, "ಇದು ಬರುವ ದಾರಿಯನ್ನು ನೋಡಿ ಬಂದೆ ಅಮ್ಮ" ಎಂದಳು.

ಈಗ ಅವಳು ಮತ್ತೊಮ್ಮೆ ಹೊರಟಿದ್ದಾಳಂತೆ. ಮೊನ್ನೆ ಆ ತಾಯಿ ಫೋನು ಮಾಡಿದ್ದರು. ನಿಲ್ಲಿಸಿ ಎಂದು ಹೇಳಲಿಲ್ಲ. ಕೊನೆಯಲ್ಲಿ ಬರುವ ಆ ಹುಡುಗನೇ ಈ ಸಲವೂ ಬರುತ್ತಾನೆಯೇ ಎಂದು ಕೇಳಿ ತಿಳಿದುಕೊಂಡಿರುವುದಾಗಿ ಹೇಳಿದರು.