ಶಾಲೆಯ ಊಟದಲ್ಲಿ ಎಲೆ ಲೆಕ್ಕ ಯಾರ ಕೈಯಲ್ಲಿರಬೇಕು?

ಮದುವೆ ಸೀಸನ್ ಮುಗಿದ ಮೇಲೆ ಅಡುಗೆಮನೆಯನ್ನೂ ಹುಡುಗರನ್ನೂ ಸುಮ್ಮನೆ ಕೂರಿಸಲಾಗದೆ ನಮ್ಮ ಸದಸ್ಯರಲ್ಲಿ ಕೆಲವರು ಶಾಲಾ ಊಟದ ಕೆಲಸದತ್ತ ನೋಡುತ್ತಿದ್ದಾರೆ. ಯಾವುದೋ ಟ್ರಸ್ಟಿನ ಕೇಂದ್ರೀಯ ಅಡುಗೆಮನೆಯನ್ನು ನಡೆಸಿಕೊಡುವುದು, ಮಹಿಳಾ ಬಚತ್ ಗಟ್‌ಗೆ ಜಾಗ, ಪಾತ್ರೆ, ಟೆಂಪೋ ಒದಗಿಸುವುದು, ಹೀಗೆ. ಕೆಲಸ ಒಳ್ಳೆಯದೇ. ಆದರೆ ಒಲೆ ಹಚ್ಚುವ ಮೊದಲು ಲೆಕ್ಕದ ಪುಸ್ತಕ ತೆರೆಯದವರು ಇದಕ್ಕೆ ಕೈ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೇಂದ್ರ ಸರ್ಕಾರ 1995ರ ಆಗಸ್ಟ್ 15ರಂದು ಆರಂಭಿಸಿದ ಮಧ್ಯಾಹ್ನದ ಊಟದ ಯೋಜನೆಗೆ 2021ರಲ್ಲಿ ಪಿಎಂ ಪೋಷಣ್ ಎಂದು ಹೆಸರಾಯಿತು. ಧಾನ್ಯ ಪೂರ್ತಿ ಕೇಂದ್ರದ್ದು. ಉಳಿದ ಖರ್ಚನ್ನು ಬಹುತೇಕ ರಾಜ್ಯಗಳಲ್ಲಿ ಕೇಂದ್ರ 60, ರಾಜ್ಯ 40ರಂತೆ ಹಂಚಿಕೊಳ್ಳುತ್ತವೆ. ಪ್ರಾಥಮಿಕ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಬೇಳೆ, ತರಕಾರಿ, ಎಣ್ಣೆ, ಮಸಾಲೆ, ಗ್ಯಾಸ್ ಎಲ್ಲಕ್ಕೂ ಸೇರಿ 2025ರ ಮೇ 1ರಿಂದ ಕೇಂದ್ರ ನಿಗದಿ ಮಾಡಿದ ದರ ತಲೆಗೆ 6 ರೂಪಾಯಿ 78 ಪೈಸೆ. ಓದಿ ನಗಬೇಡಿ. ನಮ್ಮಲ್ಲಿ ಒಂದು ಎಲೆಯ ಮೇಲಿನ ಉಪ್ಪಿನಕಾಯಿ, ಕೋಸಂಬರಿಗೆ ಹಿಡಿಯುವ ಖರ್ಚು ಅದು. ಕೆಲವು ರಾಜ್ಯಗಳು ಇದರ ಮೇಲೆ ತಮ್ಮದನ್ನೂ ಸೇರಿಸುತ್ತವೆ, ಆದರೂ ಇದು ಲಾಭದ ಬಾಬತ್ತಲ್ಲ. ಸ್ವಯಂಸೇವಾ ಸಂಸ್ಥೆಗಳು ಇದನ್ನು ಲಾಭವಿಲ್ಲದೆ ಮಾಡಬೇಕೆಂದು ಮಾರ್ಗಸೂಚಿಯೇ ಹೇಳುತ್ತದೆ. ಹಾಗಾದರೆ ದುಡ್ಡು ಎಲ್ಲಿ ಹುಟ್ಟುತ್ತದೆ? ತಲೆ ಎಣಿಕೆಯಲ್ಲಿ. ಅಪಾಯವೂ ಅಲ್ಲೇ.

ಒಂದು ಲೆಕ್ಕ ಹಾಕಿ ನೋಡೋಣ. ರಿಜಿಸ್ಟರಿನಲ್ಲಿ 2,000 ಮಕ್ಕಳು, ಉಂಡವರು 1,840. ವ್ಯತ್ಯಾಸ 160. ದಿನಕ್ಕೆ ಸುಮಾರು 1,085 ರೂಪಾಯಿ, ದೊಡ್ಡದೇನಲ್ಲ. 200 ಶಾಲಾ ದಿನಗಳಿಗೆ 2 ಲಕ್ಷ 17 ಸಾವಿರ ಆಗುತ್ತದೆ. ಜತೆಗೆ ದಿನಕ್ಕೆ 16 ಕಿಲೋದಂತೆ ವರ್ಷಕ್ಕೆ 3,200 ಕಿಲೋ ಅಕ್ಕಿ, ಅಂದರೆ ಐವತ್ತು ಕಿಲೋದ 64 ಮೂಟೆ ಕಾಗದದ ಮೇಲೆ ಬೆಂದಿರುತ್ತದೆ. ಆ ಮೂಟೆಗಳು ಎಲ್ಲಿಗೆ ಹೋದವು ಎಂದು ಕೇಳಿದ ದಿನ ಮುಖ್ಯೋಪಾಧ್ಯಾಯರು ವರ್ಗವಾಗಿ ಹೋಗಿರುತ್ತಾರೆ, ಟ್ರಸ್ಟಿನವರು ಫೋನ್ ಎತ್ತುವುದಿಲ್ಲ. ಸಿಗುವವನು ಅಡುಗೆಯವನೇ.

ಇದು ಬರೀ ಊಹೆಯ ಮಾತಲ್ಲ. 2009-10ರಿಂದ 2013-14ರವರೆಗಿನ ಯೋಜನೆಯನ್ನು ಪರಿಶೀಲಿಸಿದ ಸಿಎಜಿ, 2015ರ ವರದಿಯಲ್ಲಿ ಉಂಡ ಮಕ್ಕಳ ಸಂಖ್ಯೆಯನ್ನು ಏರಿಸಿ ಬರೆಯುವ ರೋಗವನ್ನು ಎತ್ತಿ ತೋರಿಸಿತ್ತು. ಅಮೆರಿಕದಲ್ಲಂತೂ ಈ ರೋಗ ವಿಪರೀತಕ್ಕೆ ಹೋಯಿತು. ಅಲ್ಲಿನ ಮಿನ್ನೆಸೋಟ ರಾಜ್ಯದಲ್ಲಿ ಕೋವಿಡ್ ಕಾಲದಲ್ಲಿ ಬಡ ಮಕ್ಕಳ ಊಟಕ್ಕೆಂದು ಫೆಡರಲ್ ಸರ್ಕಾರ ಕೊಟ್ಟ ಹಣ ‘ಫೀಡಿಂಗ್ ಅವರ್ ಫ್ಯೂಚರ್’ ಎಂಬ ಸಂಸ್ಥೆಯ ಮೂಲಕ ಹರಿದುಹೋಯಿತು. ಮೊತ್ತ 25 ಕೋಟಿ ಡಾಲರ್ ಎಂದು ಸರ್ಕಾರಿ ವಕೀಲರು ಹೇಳಿದರು. 2022ರ ಸೆಪ್ಟೆಂಬರಿನಲ್ಲಿ ಮೊದಲಿಗೆ 47 ಜನರ ಮೇಲೆ ಆರೋಪ ಬಂತು, ಸಂಸ್ಥೆಯ ಸ್ಥಾಪಕಿ 2025ರ ಮಾರ್ಚಿನಲ್ಲಿ ತಪ್ಪಿತಸ್ಥೆ ಎಂದು ತೀರ್ಮಾನವಾಯಿತು. ನಮ್ಮ ಕಸುಬಿನವರು ಗಮನಿಸಬೇಕಾದ್ದು ಅದರ ವಿವರ. ಒಂದು ರೆಸ್ಟೋರೆಂಟ್ ದಿನಕ್ಕೆ 5,000 ಮಕ್ಕಳಿಗೆ ಊಟ ಹಾಕಿದೆನೆಂದು ಬರೆದುಕೊಟ್ಟಿತ್ತು. ಹಾಜರಿ ಪಟ್ಟಿಯ ಹೆಸರುಗಳೇ ಸುಳ್ಳು. ಮಕ್ಕಳ ವಯಸ್ಸನ್ನು ಕಂಪ್ಯೂಟರ್ ಶೀಟಿನಲ್ಲಿ 7ರಿಂದ 17ರ ನಡುವೆ ಯಾವುದಾದರೂ ಅಂಕಿ ತಾನಾಗಿ ಬೀಳುವಂತೆ ಸೂತ್ರ ಹಾಕಿ ತುಂಬಿದ್ದರು!

ಅಲ್ಲಿ ಕಾನೂನು ಇರಲಿಲ್ಲವೆಂದಲ್ಲ. ವರ್ಷಕ್ಕೆ 10 ಲಕ್ಷ ಡಾಲರ್ ಫೆಡರಲ್ ಹಣ ಖರ್ಚು ಮಾಡುವ ಸಂಸ್ಥೆ ‘ಸಿಂಗಲ್ ಆಡಿಟ್’ ಎಂಬ ವಿಶೇಷ ತಪಾಸಣೆಗೆ ಒಳಪಡಲೇಬೇಕು. 2024ರ ಅಕ್ಟೋಬರಿಗೆ ಮುಂಚೆ ಶುರುವಾದ ಹಣಕಾಸು ವರ್ಷಗಳಿಗೆ ಈ ಮಿತಿ ಏಳೂವರೆ ಲಕ್ಷ ಡಾಲರ್ ಇತ್ತು. ಆದರೂ ವಂಚನೆ ನಡೆಯಿತು, ಏಕೆಂದರೆ ತಟ್ಟೆ ಎಣಿಸಲು ಯಾರೂ ಹೋಗಲಿಲ್ಲ. ರಾಜ್ಯದ ಶಿಕ್ಷಣ ಇಲಾಖೆಯ ಮೇಲ್ವಿಚಾರಣೆ ಸಾಲದಾಗಿದ್ದೇ ವಂಚನೆಗೆ ದಾರಿ ಮಾಡಿತು ಎಂದು ಆ ರಾಜ್ಯದ ಲೆಕ್ಕ ತಪಾಸಕರು 2024ರಲ್ಲಿ ವರದಿ ಕೊಟ್ಟರು. ವರ್ಷ ಮುಗಿದ ಮೇಲೆ ಬರುವ ಆಡಿಟರ್‌ಗೆ ಸಿಗುವುದು ಕಾಗದ ಮಾತ್ರ. ಅನ್ನ ಅಷ್ಟರಲ್ಲಿ ಅರಗಿಹೋಗಿರುತ್ತದೆ.

ಈ ‘ಇಂಟರ್ನಲ್ ಕಂಟ್ರೋಲ್’ ಎಂಬ ಮಾತು ಕೇಳಿ ನಮ್ಮವರು ಹೆದರುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ಊರಿನ ಮದುವೆಮನೆಯನ್ನು ನೆನೆಸಿಕೊಳ್ಳಿ. ಸಾಮಾನಿನ ಪಟ್ಟಿ ಬರೆಯುವವರು ಅಡುಗೆ ಭಟ್ಟರು. ಸಾಮಾನು ತರುವವರು ಮನೆಯವರು. ಉಗ್ರಾಣದ ಬೀಗದ ಕೈ ಮಾತ್ರ ಇವರಿಬ್ಬರೂ ಅಲ್ಲದ ಒಬ್ಬ ಹಿರಿಯರ ಸೊಂಟದಲ್ಲಿ. ಬಡಿಸಿದ ಎಲೆ ಎಣಿಸುವವರು ಇನ್ನೊಬ್ಬರು. ತರುವವನು, ಇಡುವವನು, ಬೇಯಿಸುವವನು, ಎಣಿಸುವವನು ಬೇರೆ ಬೇರೆ. ಚಾರ್ಟರ್ಡ್ ಅಕೌಂಟೆಂಟ್ ಫೀಸು ತೆಗೆದುಕೊಂಡು ಹೇಳುವುದೂ ಇದನ್ನೇ. ಮುಂಬಯಿಗೂ ಪುಣೆಗೂ ಬಂದು ನಾವು ಉಗ್ರಾಣವನ್ನೂ ಖರೀದಿಯನ್ನೂ ಬಿಲ್ಲನ್ನೂ ಒಬ್ಬ ಭಾವಮೈದುನನ ಕೈಗೆ ಕೊಟ್ಟು ನಿಶ್ಚಿಂತರಾದೆವು, ಅಷ್ಟೆ. ಭಾವಮೈದುನ ಒಳ್ಳೆಯವನೇ ಇರಬಹುದು, ಪ್ರಶ್ನೆ ಅದಲ್ಲ.

ಎಲೆ ಎಣಿಸಿಕೊಳ್ಳದೆ ಮದುವೆಮನೆಯಿಂದ ಹೊರಡುವ ಕೇಟರರ್ ಇದ್ದಾನೆಯೇ? ಶಾಲೆಯ ವಿಷಯದಲ್ಲಿ ಮಾತ್ರ ಎಣಿಕೆ ಶಾಲೆಯವರದು ಎಂದು ಬಿಟ್ಟುಬಿಡುತ್ತೇವೆ. ನಾನು ಹೇಳುವುದು, ನಮ್ಮದೇ ಎಣಿಕೆ ಬೇಕು. ಡಬ್ಬಿ ಇಳಿಸುವ ಹುಡುಗ ಎಷ್ಟು ಡಬ್ಬಿ ಇಳಿಸಿದ, ಎಷ್ಟು ಅನ್ನ ಮಿಕ್ಕಿ ವಾಪಸು ಬಂತು ಎಂದು ಅಂದೇ ಬರೆದು ಶಿಕ್ಷಕರ ಸಹಿ ಪಡೆಯಬೇಕು. ಶಾಲೆಗಳು ಪ್ರತಿದಿನ ಉಂಡವರ ಸಂಖ್ಯೆಯನ್ನು ಮೊಬೈಲಿನಿಂದ ಸರ್ಕಾರಕ್ಕೆ ಕಳಿಸುವ ವ್ಯವಸ್ಥೆ ಇದೆ. ಆ ಸಂಖ್ಯೆ ನಮ್ಮ ಚೀಟಿಗೆ ತಾಳೆಯಾಗದಿದ್ದರೆ ಮರುದಿನವೇ ಬರವಣಿಗೆಯಲ್ಲಿ ತಿಳಿಸಬೇಕು. “ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ ಸಾರ್” ಎಂದವರಿಗೆ ಆ ಚೀಟಿ ತೋರಿಸಿದರೆ ಸಾಕು. ಗ್ಯಾಸ್ ಸಿಲಿಂಡರು, ಖಾಲಿ ಗೋಣಿಚೀಲ, ಬೇಳೆ, ಎಣ್ಣೆ ಡಬ್ಬ ಇವೆಲ್ಲದರ ಲೆಕ್ಕ ಪರಸ್ಪರ ಕೂಡಿಬರಬೇಕು. 2,000 ಊಟಕ್ಕೆ ಎಷ್ಟು ಸಿಲಿಂಡರು ಬೇಕೆಂದು ಆಡಿಟರ್‌ಗೆ ಗೊತ್ತಿಲ್ಲದಿದ್ದರೂ ನಮಗೆ ಗೊತ್ತಿದೆಯಲ್ಲ.

ಇದರಲ್ಲಿ ಹಣಕ್ಕಿಂತ ದೊಡ್ಡ ವಿಷಯವೂ ಇದೆ. ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಹಳ್ಳಿಯಲ್ಲಿ 2013ರ ಜುಲೈ 16ರಂದು ಶಾಲೆಯ ಊಟ ಉಂಡು 23 ಮಕ್ಕಳು ಸತ್ತರು. ಊಟದಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಸೇರಿತ್ತು. ಎಣ್ಣೆ ಯಾವ ಅಂಗಡಿಯದು, ಯಾವ ಡಬ್ಬದಲ್ಲಿತ್ತು, ಯಾರು ತೆರೆದರು ಎಂದು ಬರೆದಿಡುವುದನ್ನು ಬರೀ ಕಾಗದದ ಕಾಟ ಎನ್ನುವವರಿಗೆ ಈ ಒಂದು ಸಂಗತಿ ಸಾಕು. 2015ರ ನಿಯಮಗಳ ಪ್ರಕಾರ ಮಕ್ಕಳಿಗೆ ಬಡಿಸುವ ಮುಂಚೆ ಒಬ್ಬ ಶಿಕ್ಷಕರಾದರೂ ಸೇರಿದಂತೆ ಎರಡು ಮೂರು ಜನ ರುಚಿ ನೋಡಬೇಕು. ರುಚಿ ನೋಡದೆ ತಿಂಗಳ ಕೊನೆಗೆ ಒಂದೇ ಪೆನ್ನಿನಲ್ಲಿ ಇಪ್ಪತ್ತೆರಡು ಸಹಿ ಬೀಳುವ ರಿಜಿಸ್ಟರನ್ನು ಯಾವ ಕೇಟರರೂ ಒಪ್ಪಬಾರದು. ನಿಜವಾದ ಅಡುಗೆಮನೆಯ ಪುಸ್ತಕಕ್ಕೆ ಎಣ್ಣೆ ಕಲೆ ಇದ್ದೇ ಇರುತ್ತದೆ.

ಎರಡು ತಪ್ಪು ತಿಳಿವಳಿಕೆಗಳಿವೆ. “ನಮ್ಮದು ಖಾಸಗಿ, ಸಿಎಜಿ ಇಲ್ಲಿಗೆ ಬರುವುದಿಲ್ಲ” ಎಂಬುದು ಒಂದು. ಒಂದು ಸಂಸ್ಥೆಗೆ ವರ್ಷಕ್ಕೆ 25 ಲಕ್ಷಕ್ಕೆ ಕಡಿಮೆಯಿಲ್ಲದ ಸರ್ಕಾರಿ ಅನುದಾನ ಬಂದು, ಅದು ಒಟ್ಟು ಖರ್ಚಿನ ಮುಕ್ಕಾಲು ಭಾಗಕ್ಕೆ ಕಡಿಮೆಯಿಲ್ಲದಿದ್ದರೆ 1971ರ ಕಾಯ್ದೆಯಂತೆ ಅದರ ಲೆಕ್ಕ ನೋಡುವ ಅಧಿಕಾರ ಸಿಎಜಿಗೆ ಇದೆ. ಟ್ರಸ್ಟಿನ ಪುಸ್ತಕ ತೆರೆದರೆ ನಮ್ಮ ಬಿಲ್ಲೂ ತೆರೆಯುತ್ತದೆ. ಇನ್ನೊಂದು ಜಿಎಸ್‌ಟಿಯದು. ಶಾಲೆಗೆ ಕೊಡುವ ಊಟಕ್ಕೆ ತೆರಿಗೆ ವಿನಾಯಿತಿ ಇದೆ, 2021ರ ಜೂನ್ ಸುತ್ತೋಲೆ ಅದನ್ನು ಸ್ಪಷ್ಟಪಡಿಸಿದೆ. ಆದ್ದರಿಂದ ಖರೀದಿ ಬಿಲ್ ಬೇಡ ಎಂದು ಚೀಟಿಯಲ್ಲೇ ವ್ಯಾಪಾರ ಮಾಡುವವರಿದ್ದಾರೆ. ವಿನಾಯಿತಿ ಇರುವುದು ತೆರಿಗೆಗೆ, ಲೆಕ್ಕಕ್ಕಲ್ಲ.

ಸರ್ಕಾರದ ಕಡೆಯ ದೋಷವನ್ನೂ ಹೇಳದೆ ಬಿಡಬಾರದು. ಆರು ರೂಪಾಯಿ ಚಿಲ್ಲರೆ ಕೊಟ್ಟು ಅದನ್ನೂ ತಿಂಗಳುಗಟ್ಟಲೆ ತಡ ಮಾಡಿದರೆ ಅಡುಗೆಯವನು ಬಡ್ಡಿಗೆ ಸಾಲ ತರುತ್ತಾನೆ, ಬಡ್ಡಿಯೇ ಅವನನ್ನು ಎಣಿಕೆ ಏರಿಸುವತ್ತ ತಳ್ಳುತ್ತದೆ. ನಮ್ಮ ರಿಜಿಸ್ಟರ್ ಕೇಳುವ ಅಧಿಕಾರಿ, ಬಿಲ್ ತನ್ನ ಮೇಜಿನ ಮೇಲೆ ಎಷ್ಟು ದಿನ ಇತ್ತು ಎಂಬುದನ್ನೂ ಬರೆದಿಡಲಿ. ಬಿಲ್ ಕೊಟ್ಟ ದಿನವೇ ಸೀಲು ಹಾಕಿಸಿಕೊಂಡ ನಕಲು ನಮ್ಮ ಬಳಿ ಇರಬೇಕು.

ನಮ್ಮ ಸಂಘಕ್ಕೆ ನನ್ನ ಸಲಹೆ ಇಷ್ಟೆ. ಎಣಿಕೆ ಚೀಟಿ, ಉಗ್ರಾಣ ಪುಸ್ತಕ, ರುಚಿ ನೋಡಿದ ರಿಜಿಸ್ಟರ್ ಈ ಮೂರನ್ನೂ ಕನ್ನಡದಲ್ಲೂ ಆಯಾ ಊರಿನ ಭಾಷೆಯಲ್ಲೂ ಒಂದೇ ಮಾದರಿಯಲ್ಲಿ ಅಚ್ಚು ಹಾಕಿಸಿ ಸದಸ್ಯರಿಗೆ ಕೊಡಲಿ. ಶಾಲಾ ಊಟದ ಒಪ್ಪಂದಕ್ಕೆ ಸಹಿ ಹಾಕುವವರು ಅದರಲ್ಲಿ ಉಪಗುತ್ತಿಗೆಗೆ ಅವಕಾಶ ಇದೆಯೇ ಎಂದು ಮೊದಲು ಒಬ್ಬ ವಕೀಲರಿಗೆ ತೋರಿಸಲಿ. ಅವಕಾಶವಿಲ್ಲದ ಕಡೆ ಇನ್ನೊಬ್ಬರ ಹೆಸರಿನಲ್ಲಿ ಅಡುಗೆ ಮಾಡಿ ಕಳಿಸುವ ಸದಸ್ಯರ ಪರವಾಗಿ ಮುಂದೆ ಸಂಘ ಮಾತಾಡಲು ಹೋಗಬಾರದು. ಈ ವಿಷಯವನ್ನು ಬರುವ ವಾರ್ಷಿಕ ಸಭೆಯ ಕಾರ್ಯಸೂಚಿಗೆ ಸೇರಿಸಬೇಕೆಂದು ಕಾರ್ಯದರ್ಶಿಯವರನ್ನು ಕೋರುತ್ತೇನೆ.