ನೀಲಕಂಠದ ನೀಲಿ

ತಂತಿಯ ಮೇಲೆ ಸುಮ್ಮನೆ ಕುಳಿತಿರುವ ನೀಲಕಂಠ ಪಕ್ಷಿಯತ್ತ ದಾರಿಹೋಕರ ಕಣ್ಣು ಹರಿಯುವುದು ಅಪರೂಪ. ದಪ್ಪ ತಲೆ, ಮಾಸಲು ಕಂದು ಎದೆ. ಮಿಡತೆಯೊಂದನ್ನು ಕಂಡು ಅದು ರೆಕ್ಕೆ ಬಿಚ್ಚಿ ಎರಗಿತೆಂದರೆ ಮಾತ್ರ, ಕಡುನೀಲಿ ತಿಳಿನೀಲಿಗಳ ಪಟ್ಟೆಗಳು ಹೊಲದ ಮೇಲೆ ಮಿಂಚಿ ಮರೆಯಾಗುತ್ತವೆ. ಕರ್ನಾಟಕದ ರಾಜ್ಯಪಕ್ಷಿ ಇದೇ.

ವಿಚಿತ್ರವೆಂದರೆ, ಆ ಗರಿಯಲ್ಲಿ ನೀಲಿ ಬಣ್ಣದ ಕಣವೊಂದೂ ಇಲ್ಲ! ಉದುರಿದ ಗರಿಯನ್ನು ಕುಟ್ಟಿ ನುಣ್ಣಗೆ ಪುಡಿಮಾಡಿದರೆ ನೀಲಿ ಅಳಿದು ಮಾಸಲು ಪುಡಿಯಷ್ಟೇ ಉಳಿಯುವುದು. ಗರಿಯ ಎಳೆಗಳು ಉಗುರಿನಂತೆ ಕೆರಟಿನ್ ಎಂಬ ವಸ್ತುವಿನಿಂದಾದವು. ಅವುಗಳೊಳಗೆ ಸ್ಪಂಜಿನಲ್ಲಿರುವಂತೆ ಅತಿಸೂಕ್ಷ್ಮವಾದ ಗಾಳಿಗೂಡುಗಳಿವೆ. ಈ ಗೂಡುಗಳ ನಡುವಿನ ಅಂತರವು ಬೆಳಕಿನ ಅಲೆಯ ಅಳತೆಗೆ ಹೊಂದುವಂತಿರುವುದರಿಂದ, ನೀಲಿಯ ಅಲೆಗಳು ಒಂದನ್ನೊಂದು ಬಲಪಡಿಸಿಕೊಂಡು ಹಿಂದಿರುಗುತ್ತವೆ. ಉಳಿದ ಬೆಳಕಿನ ಬಹುಪಾಲನ್ನು ಅಡಿಯಲ್ಲಿರುವ ಕಪ್ಪು ಮೆಲನಿನ್ ನುಂಗಿಬಿಡುತ್ತದೆ.

ಆಗಸವನ್ನು ನೀಲಿಯಾಗಿಸುವ ಬೆಳಕಿನ ಚೆದುರುವಿಕೆಯೇ ಇದಕ್ಕೂ ಕಾರಣವೆಂದು ವಿದ್ವಾಂಸರು ನಂಬಿದ್ದ ಕಾಲವೊಂದಿತ್ತು. 1934ರಲ್ಲಿ ಸರ್ ಸಿ. ವಿ. ರಾಮನ್ನರು ನೀಲಕಂಠದ ಗರಿಗಳನ್ನೇ ಪರೀಕ್ಷಿಸಿ, ಆ ವಿವರಣೆ ಸಾಲದೆಂದು ತೋರಿಸಿದರು. 1921ರ ಕಡಲಯಾನದಲ್ಲಿ ಸಮುದ್ರದ ನೀಲಿಗೆ ಮನಸೋತಿದ್ದ ಅವರಿಗೆ ಹಕ್ಕಿಯ ನೀಲಿಯೂ ಸುಮ್ಮನಿರಗೊಡಲಿಲ್ಲವೆನ್ನಬೇಕು. ಒಳಗಿನ ಸ್ಪಂಜಿನ ರಚನೆ ಕಣ್ಣಿಗೆ ಬಿದ್ದದ್ದು ಮುಂದೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ.

ಬಣ್ಣಕ್ಕಿಂತಲೂ ದೊಡ್ಡದು ಗರಿಯ ಇನ್ನೊಂದು ಕೆಲಸ. ನಡುದಂಟಿನಿಂದ ಹೊರಟ ಎಳೆಗಳಿಗೆ ಕಿರಿಯೆಳೆಗಳೂ ಅವಕ್ಕೆ ಸಣ್ಣ ಕೊಕ್ಕೆಗಳೂ ಇದ್ದು, ಎಲ್ಲವೂ ಒಂದಕ್ಕೊಂದು ಸಿಕ್ಕಿಕೊಂಡಾಗಲೇ ಗರಿ ಗಾಳಿಯನ್ನು ತಡೆಯುವ ಹಲಗೆಯಾಗುತ್ತದೆ. ಬಿಟ್ಟುಕೊಂಡ ಎಳೆಗಳನ್ನು ಹಕ್ಕಿ ಕೊಕ್ಕಿನಿಂದ ನೇವರಿಸಿದರೆ ಸಾಕು, ಕೊಕ್ಕೆಗಳು ಮತ್ತೆ ಕೂಡಿಕೊಳ್ಳುತ್ತವೆ. ಕತ್ತರಿಸಿದ ಗರಿಯ ಪಾಡು ಬೇರೆ. ಬಲಿತ ಗರಿ ನಿರ್ಜೀವ ವಸ್ತು. ಉಗುರು ಕೂದಲುಗಳಂತೆ ಬುಡದಿಂದ ಬೆಳೆಯುವುದೂ ಇಲ್ಲ. ಅದು ತಾನಾಗಿ ಉದುರಿ ಹೊಸದು ಮೂಡುವವರೆಗೆ ಹಕ್ಕಿ ಕಾಯಬೇಕು.

ವಿಜಯದಶಮಿಯಂದು ನೀಲಕಂಠದ ದರ್ಶನ ಶುಭವೆಂಬ ನಂಬಿಕೆ ದೇಶದ ಹಲವೆಡೆ ಇದೆ. ಹೊಲದಲ್ಲಿ ಕಂಡು ಕೈಮುಗಿದರೆ ಹಕ್ಕಿಗೇನೂ ನಷ್ಟವಿಲ್ಲ. ಆದರೆ ಕಾಸಿಗಾಗಿ ದರ್ಶನವನ್ನು ಮನೆಬಾಗಿಲಿಗೇ ತರುವವರು ಅದನ್ನು ಬಲೆಯಲ್ಲಿ ಹಿಡಿದು, ರೆಕ್ಕೆ ಕತ್ತರಿಸಿ, ಇಲ್ಲವೆ ಅಂಟು ಬಳಿದು ಪಂಜರಕ್ಕೆ ಹಾಕುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಹೀಗೆ ಹಿಡಿಯುವುದೇ ಅಪರಾಧ. ಹಬ್ಬ ಮುಗಿದ ಮೇಲೆ ದಯೆ ತೋರಿ ಬಿಟ್ಟರೂ, ಅಂಟು ಮೆತ್ತಿದ ಕೊಕ್ಕೆಗಳು ಎಷ್ಟು ನೇವರಿಸಿದರೂ ಕೂಡಿಕೊಳ್ಳವು. ಮೇಲಿನಿಂದ ಎರಗಿ ಬೇಟೆಯಾಡಬೇಕಾದ ಹಕ್ಕಿ, ಹಸಿದು ನೆಲದ ಮೇಲೆ ಕುಪ್ಪಳಿಸುತ್ತ ಬೆಕ್ಕುನಾಯಿಗಳ ಪಾಲಾಗುತ್ತದೆ.